ಲೋಳೆ ಕಾಯುವವನು
ಕೊಳಚೆ ನೀರು ಶುದ್ಧಿ ಮಾಡುವ ಘಟಕದ ಆಪರೇಟರನಿಗೆ ಊರಿಟ್ಟ ಹೆಸರು ಲೋಳೆಯಪ್ಪ. ಕಸ, ಕೆಸರು ಕಳೆದು ತಿಳಿಯಾದ ನೀರು ಕೊನೆಗೆ ಅವನ ತೊಟ್ಟಿಗೆ ಬೀಳುತ್ತದೆ. ಅದರಲ್ಲಿ ತೇಲುವ ಸಾವಿರಾರು ಪ್ಲಾಸ್ಟಿಕ್ ಬಿಲ್ಲೆಗಳಿಗೆ ಕಂದು ಲೋಳೆ ಮೆತ್ತಿಕೊಂಡಿರುತ್ತದೆ. ಕಣ್ಣಿಗೆ ಕಾಣದಂತೆ ನೀರಲ್ಲಿ ಕರಗಿದ ಸಾರಜನಕವನ್ನು ತಿಂದು ಗಾಳಿಗೆ ಬಿಡುವುದು ಆ ಲೋಳೆಯ ಜೀವಾಣುಗಳೇ. ಬೆಳಿಗ್ಗೆ ಬಂದವನೇ ಒಂದು ಬಿಲ್ಲೆ ಎತ್ತಿ, ಒತ್ತಿ, ಮೂಸಿ, "ಚೆನ್ನಾಗಿ ಮೈ ಹಿಡಿದಿದೆ" ಎನ್ನುತ್ತಾನೆ, ಹೆತ್ತವರ ಹಾಗೆ. ಚಳಿ ಬಿದ್ದರೆ ತನಗಿಂತ ಮೊದಲು ಲೋಳೆಗೆ ನೆಗಡಿಯೆಂದು ಗೊಣಗುತ್ತಾನೆ. "ನನ್ನ ಬದಲು ಅದನ್ನೇ ಕಟ್ಕೋಬೇಕಿತ್ತು" ಎಂದು ಹೆಂಡತಿ ಹಂಗಿಸಿದರೆ, "ಅದು ಎದುರು ಮಾತಾಡಲ್ಲ ನೋಡು" ಎನ್ನುತ್ತಾನೆ. ಮೊನ್ನೆ ಹೊಸ ಸಾಹೇಬರು ಮೂಗು ಮುಚ್ಚಿಕೊಂಡು ಬಂದು, "ಏನಯ್ಯಾ ಈ ಗಲೀಜು? ನಾಳೆ ಮಂತ್ರಿಗಳು ಬರ್ತಾರೆ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸು" ಎಂದರು. ತೊಳೆದರೆ ಲೋಳೆ ಸಾಯುತ್ತದೆ, ಮತ್ತೆ ಕಟ್ಟಲು ತಿಂಗಳುಗಳೇ ಬೇಕು. ಅವನು ತೊಟ್ಟಿಯ ಮೆಟ್ಟಿಲಿಗೆ ಅಡ್ಡ ಕೂತ. "ಬೇಕಾದ್ರೆ ನನ್ನನ್ನ ತೊಳೆಸಿ ಸಾರ್, ಇದನ್ನ ಮುಟ್ಟಬೇಡಿ." "ನೀರು ತಿಳಿಯಾಗಿ ಕಾಣಬೇಕಲ್ಲಯ್ಯಾ!" ಲೋಳೆಯಪ್ಪನ ದನಿ ಇಳಿಯಿತು. "ತಿಳಿಯಾಗೇ ಇತ್ತು ಸಾರ್. ಈ ತೊಟ್ಟಿ ಇಲ್ಲದಾಗ ಇದೇ ನೀರು ನಮ್ಮ ಬಾವಿಗೆ ಇಂಗ್ತಿತ್ತು. ತಂಗಿ ಮಗೂಗೆ ಹಾಲಿನ ಪುಡಿ ಕಲಸೋಕೆ ಸೇದಿ ಕೊಟ್ಟೋನು ನಾನೇ. ನೀರು ಕನ್ನಡಿ ಥರ ಇತ್ತು, ಒಳಗೆ ಕರಗಿದ್ದ ಸಾರಜನಕ ಕಾಣಲಿಲ್ಲ. ಮೂರು ತಿಂಗಳ ಕೂಸು, ಅದರ ವಿಷಕ್ಕೆ ತುಟಿ ನೀಲಿಯಾಗಿ ತೀರ್ಕೊಂಡ್ಬಿಡ್ತು." ಸಾಹೇಬರು ಪೌಡರಿನ ಚೀಲವನ್ನು ಜೀಪಿಗೆ ವಾಪಸು ಹಾಕಿಸಿದರು. ಅವನು ಎದ್ದು ಹೋಗಿ ಒಂದು ಬಿಲ್ಲೆ ಎತ್ತಿ, ಒತ್ತಿ ನೋಡಿದ. ಮತ್ತೆ ಮೆಲ್ಲಗೆ ನೀರಿಗೆ ಬಿಟ್ಟ.