ಇಪ್ಪತ್ತನೆಯ ತಲೆ

ಕಾಲೇಜು ಎವೇಲಿಯಾ ಬರಗಾನಳಿಗೆ ಇನ್ನೂ ಒಂದು ಪಾಠ ಬಾಕಿ ಕೊಡಬೇಕು. ದುಡ್ಡಿನ ಬಾಕಿಯಾಗಿದ್ದರೆ ಕೋರ್ಟಿಗೆ ಎಳೆಯಬಹುದಿತ್ತು. ಇದು ಅಸಹಜ ಮನೋವಿಜ್ಞಾನ.

ಕ್ಯಾಲಿಫೋರ್ನಿಯಾದ ಕಣಿವೆಯ ಈ ಊರಲ್ಲಿ ಹೆದ್ದಾರಿಯ ಆಚೆ ಪೀಚ್ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆ, ಈಚೆ ಸಮುದಾಯ ಕಾಲೇಜು. ಎವೇಲಿಯಾ ಕಾರ್ಖಾನೆಯಲ್ಲಿ ಹಣ್ಣು ಆರಿಸುವವಳು. ಸಿಪ್ಪೆ ಬಿಡಿಸುವ ಕ್ಷಾರಕ್ಕೆ ಬೆರಳ ತುದಿಗಳು ಬೆಂದುಹೋಗಿವೆ. ಮನೋರೋಗದ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಬೇಕೆಂದರೆ ಈ ಪಾಠ ಆಗಿರಬೇಕು. ಉಳಿದದ್ದೆಲ್ಲ ಮುಗಿಸಿದ್ದಾಳೆ.

ಕಾಲೇಜಿನಲ್ಲಿ ಮನೋವಿಜ್ಞಾನಕ್ಕೇನು ಬರವಿಲ್ಲ. ಮಕ್ಕಳ ಮನಸ್ಸು, ಮದುವೆಯಾದವರ ಮನಸ್ಸು, ವ್ಯಾಪಾರಿಯ ಮನಸ್ಸು, ಎಲ್ಲ ಬೆಳಗ್ಗೆ, ಅಪ್ಪನ ಕಾರಿನಲ್ಲಿ ಬರುವವರಿಗೆ. ಸಂಜೆಗೆ ಇರುವುದು ಇದೊಂದೇ. ಅದೂ ಆರು ತಿಂಗಳಿಗೊಮ್ಮೆ ಪಾಠಪಟ್ಟಿಯಲ್ಲಿ ಅಚ್ಚಾಗುತ್ತದೆ, ಇಪ್ಪತ್ತು ತಲೆ ಕೂಡಲಿಲ್ಲವೆಂದು ಮೊದಲ ವಾರವೇ ಸಾಯುತ್ತದೆ.

ಈ ಸಲ ಎವೇಲಿಯಾ ಹಣ್ಣು ಆರಿಸುತ್ತಲೇ ತಲೆಗಳನ್ನೂ ಆರಿಸಿದಳು. ಊರಿನವರಿಗೆ ಶುಲ್ಕ ಮಾಫಿ, ಕಾಲೇಜಿಗೆ ಹೋಗಿ ತಮ್ಮ ತಮ್ಮ ಹೆಸರು ಬರೆಸಲು ಯಾರೂ ಹಿಂಜರಿಯಲಿಲ್ಲ.

“ಅಸಹಜ ಮನಸ್ಸು ಅಂದ್ರೆ ಏನೇ?” ಅಂದಳು ಎದುರು ನಿಂತಿದ್ದ ಗ್ವೇರಾ.

“ನಮ್ಮ ಮೇಸ್ತ್ರಿ ಇಲ್ವಾ? ಅವನ ಮೇಲೆ ಇಷ್ಟು ದಪ್ಪ ಪುಸ್ತಕ ಬರೆದವ್ರೆ.”

“ಹಂಗಾದ್ರೆ ಬರ್ತೀನಿ. ನಿದ್ದೆ ಬಂದ್ರೆ ಮಾತ್ರ ಎಬ್ಬಿಸಬೇಡ.”

ಸ್ಪ್ಯಾನಿಷಿನಲ್ಲಿ ಗ್ವೇರಾ ಅಂದರೆ ಬೆಳ್ಳಗಿರುವವಳು. ಮೈಬಣ್ಣ ನೋಡಿ ಯಾರೋ ಕರೆದರು, ಅದೇ ಅಂಟಿಕೊಂಡಿತು. ಕಾರ್ಖಾನೆಯ ಬಿಲ್ಲೆಯ ಮೇಲೂ ಮೇಸ್ತ್ರಿ ಅದನ್ನೇ ಗೀಚಿದ್ದ.

ಮೊದಲ ಸಂಜೆ ಹೆಂಗಸರು ಕಾರ್ಖಾನೆಯಲ್ಲಿ ಕೂದಲಿಗೆ ಹಾಕುವ ಬಲೆ ಸಮೇತ ಬಂದು ಕೂತರು. ಕೋಣೆಯೆಲ್ಲ ಪೀಚ್ ವಾಸನೆ. ಡೀನ್ ಕ್ರಾಫ್ಟನ್ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. “ಸುಳ್ಳು ಹೆಸರು ಒಂದು ಸಿಕ್ಕರೂ ಎಲ್ಲರನ್ನೂ ಹೊರಗೆ ಹಾಕ್ತೀನಿ” ಎಂದು ಮೊದಲೇ ಗದರಿಸಿದ್ದ. ಮೂರು ಕಾಲೇಜು ಸುತ್ತಿ ಪಾಠ ಮಾಡುವ ದಿನಗೂಲಿ ಟೀಚರ್ ಮಾಯ್ ವಾಂಗ್ ಹಾಜರಿ ಕೂಗಿದಳು.

“ಎಪಿಗ್ಮೇನಿಯಾ ರೊಸಾಲೆಸ್?”

ಯಾರೂ ಓಗೊಡಲಿಲ್ಲ. ಸುಳ್ಳು ಹೆಸರಿನ ಮಾತು ಎವೇಲಿಯಾಳ ತಲೆಯಲ್ಲಿ ಕುಟುಕುತ್ತಿತ್ತು.

“ಇಂಥ ಹೆಸರಿನೋರು ನಮ್ಮಲ್ಲಿ ಯಾರೂ ಇಲ್ಲ ಟೀಚರ್. ನಮ್ಮನ್ನ ಕಳ್ಳರು ಮಾಡೋಕೆ ಈ ಯಪ್ಪನೇ ತುರುಕಿರೋದು. ಹೊಡೆದು ಹಾಕಿ,” ಅಂದಳು.

ಟೀಚರ್ ಹೊಡೆದು ಹಾಕಿದಳು.

“ಹತ್ತೊಂಬತ್ತು,” ಅಂದ ಡೀನ್. ಮುಖ ಅರಳಿತ್ತು.

ಎವೇಲಿಯಾ ತಿರುಗಿ ಎಣಿಸಿದಳು. ಇಪ್ಪತ್ತು. ಹಿಂದಿನ ಸಾಲಲ್ಲಿ ಗೊರಕೆ ಹೊಡೆಯುತ್ತಿದ್ದ ಗ್ವೇರಾಳನ್ನು ಯಾರೋ ತಿವಿದರು.

“ಎಪಿಗ್ಮೇನಿಯಾನಾ? ಅದು ನಾನೇ ಕಣ್ರೇ. ನಮ್ಮವ್ವ ಇಟ್ಟ ಹೆಸರು.”

“ಗುರುತಿನ ಚೀಟಿ?” ಅಂದ ಡೀನ್. ಅವಳ ಹತ್ತಿರ ಇದ್ದದ್ದು ಕಾರ್ಖಾನೆಯ ಬಿಲ್ಲೆ. ಅವನು ಅದರ ಮೇಲಿನ ‘ಗ್ವೇರಾ’ ಓದಿ ನಕ್ಕ. “ನಿಮ್ಮ ಗೆಳತಿಯೇ ಇಲ್ಲ ಅಂದಳಲ್ಲಮ್ಮ. ಮುಂದಿನ ಸಲ ನೋಡೋಣ.”

“ಸರ್, ಕಣ್ಣೆದುರೇ ಕೂತಿದಾರಲ್ಲ,” ಅಂದಳು ಟೀಚರ್.

“ಮುಂದಿನ ಸಲ ನಿನಗೂ ಕೆಲಸ ಬೇಕು ತಾನೇ, ಮಾಯ್?”

ಟೀಚರ್ ಹಾಜರಿ ಪುಸ್ತಕ ಮುಚ್ಚಿದಳು. ಡೀನ್ ದೀಪ ಆರಿಸಿ ಹೋದ.

ಹೊರಗೆ ಗ್ವೇರಾ ಎವೇಲಿಯಾಳಿಗೆ ಉಗಿದಳು. “ಇಷ್ಟು ವರ್ಷ ನನ್ನ ಮೂತಿ ನೋಡ್ಕೊಂಡೇ ಹಣ್ಣು ಆರಿಸಿದೀಯ. ನಿನ್ನ ಹೆಸರೇನೇ ಅಂತ ಒಂದಿನ ಕೇಳಿದ್ಯಾ?”

ಮರುದಿನ ಎವೇಲಿಯಾ ಮತ್ತೆ ಕ್ಷಾರಕ್ಕೆ ಕೈ ಒಡ್ಡಿದಳು. ಎದುರಿನವಳನ್ನು ಎಪಿಗ್ಮೇನಿಯಾ ಎಂದೇ ಕರೆದಳು. ಮೊದಲ ದಿನ ಅವಳು ತಲೆ ಎತ್ತಿಯೂ ನೋಡಲಿಲ್ಲ.

ಎವೇಲಿಯಾಳ ತಪ್ಪು ಎವೇಲಿಯಾಳದು. ಆದರೆ ಕಣ್ಣೆದುರು ಕೂತ ಇಪ್ಪತ್ತು ಜನರನ್ನು ಹತ್ತೊಂಬತ್ತು ಅಂದವನು ತಿನ್ನುವುದು ನಿಮ್ಮ ತೆರಿಗೆಯ ಅನ್ನ. ಜನವರಿಯಲ್ಲಿ ಪಾಠ ಮತ್ತೆ ಪಟ್ಟಿಗೆ ಬಂದಾಗ ಆ ಹೆಂಗಸರು ಹೋಗಿ ಕೂರುತ್ತಾರೆ. ಓದಿ ಅಯ್ಯೋ ಪಾಪ ಅನ್ನಬೇಡಿ. ನಿಮ್ಮ ಪಕ್ಕ ದುಡಿಯುವವಳ ಪೂರ್ತಿ ಹೆಸರು ಕೇಳಿ ತಿಳಿದುಕೊಳ್ಳಿ, ಅವಳನ್ನೂ ಕರೆದುಕೊಂಡು ಬನ್ನಿ. ಆ ಬಾಗಿಲಲ್ಲಿ ನಿಂತು ತಲೆ ಎಣಿಸುವವರು ನೀವಾಗಿ.