ತಿಕ್ಕಣ್ಣ ಉಜ್ಜಿದ ಗಾಜು

ಔಷಧಿ ಕಾರ್ಖಾನೆಯ ಹಿತ್ತಲಿನ ಕೊಳಚೆ ತೊಟ್ಟಿಗಳ ಬಳಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ತಿಕ್ಕಣ್ಣ ಅಂತ. ಹತ್ತೊಂಬತ್ತು ವರ್ಷ ತೊಟ್ಟಿ ತಿಕ್ಕಿ ತಿಕ್ಕಿ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಹಾಜರಿ ಯಂತ್ರಕ್ಕೆ ಅವನ ಹೆಬ್ಬೆಟ್ಟು ಹತ್ತುತ್ತಿರಲಿಲ್ಲ. ಅವನೊಬ್ಬನಿಗೆ ಮಾತ್ರ ಪುಸ್ತಕದಲ್ಲಿ ಸಹಿ. ಕೊಳಕು ಕಂಡರೆ ಮೈಯೆಲ್ಲ ಉರಿ. ಊಟದ ಡಬ್ಬಿಯನ್ನು ಮೂರು ಸಲ ತೊಳೆಯುವ ಗಂಡಸು.

ಎಂಟು ತಿಂಗಳ ಹಿಂದೆ ಕೊನೆಯ ತೊಟ್ಟಿಗೆ ನಲವತ್ತು ಗಾಜಿನ ಹಲಗೆ ಇಳಿಸಿ, ಮೇಲೆ ನೇರಳೆ ದೀಪ ಹಾಕಿದರು. ಹಲಗೆಗಳ ಮೈಗೆ ನ್ಯಾನೊ ಲೇಪ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು; ಬೆಳಕು ಬಿದ್ದರೆ ನೀರಿನಲ್ಲಿ ಉಳಿದ ಔಷಧಿಯನ್ನು ಒಡೆದು ಹಾಕುತ್ತವೆ. ಇದನ್ನೆಲ್ಲ ದೊಡ್ಡವರು ಚಹಾ ಕುಡಿಯುತ್ತ ದೊಡ್ಡವರಿಗೇ ಹೇಳಿದರು. ಮೇಸ್ತ್ರಿ ತಿಕ್ಕಣ್ಣನಿಗೆ ಹೇಳಿದ್ದು ಒಂದೇ ಮಾತು: "ಹಲಗೆ ಕ್ಲೀನಾಗಿರ್ಬೇಕು, ನೋಡು." ಕೆಲಸ ಹೇಳಿಕೊಡಲು ಬಾಯಿ ನೋಯುವವರಿಗೆ ಬೈಯುವ ಶಕ್ತಿ ಮಾತ್ರ ಎಲ್ಲಿಂದ ಬರುತ್ತದೋ!

ಹಲಗೆ ಎತ್ತಿದರೆ ಮೇಲೆ ಮಬ್ಬು ಹಳದಿ ಪೊರೆ. ನೀರು ಹೊಯ್ದರೆ ಹೋಗದು. ತಿಕ್ಕಣ್ಣ ಬಿಟ್ಟಾನೆಯೇ? ತಂತಿ ಬ್ರಷ್ಷು, ಸೋಪಿನ ಪುಡಿ ತಂದು ಕೂತ. ತಿಂಗಳೊಪ್ಪತ್ತಿನಲ್ಲಿ ನಲವತ್ತೂ ಹಲಗೆ ಫಳಫಳ. ಮೇಸ್ತ್ರಿ ಬೆನ್ನು ತಟ್ಟಿದ.

ತೊಟ್ಟಿಯ ನೀರು ಹೋಗಿ ಬೀಳುತ್ತಿದ್ದದ್ದು ಕಾಲುವೆಗೆ. ಅರ್ಧ ಮೈಲಿ ಕೆಳಗೆ ಅವನ ಹೆಂಡತಿ, ಇನ್ನೂ ಆರು ಹೆಂಗಸರ ಜೊತೆ ಮೊಣಕಾಲುದ್ದ ನೀರಲ್ಲಿ ನಿಂತು ಮಾರುಕಟ್ಟೆಯ ಸೊಪ್ಪು ತೊಳೆಯುತ್ತಿದ್ದಳು. ಒಂದು ದಿನ ಸೊಪ್ಪಿನ ಬೇರು ಕತ್ತರಿಸುವಾಗ ಕುಡುಗೋಲು ತಾಗಿ ಪಾದದ ಮೇಲೆ ಬೆರಳುದ್ದ ಗಾಯ. ಬಟ್ಟೆ ಸುತ್ತಿಕೊಂಡು ಮತ್ತೆ ನೀರಿಗಿಳಿದಳು. ಗಾಯ ಕೀವಾಯಿತು, ಕಪ್ಪಗಾಯಿತು. ಆಸ್ಪತ್ರೆಯಲ್ಲಿ ಮೂರು ಬಗೆಯ ಇಂಜೆಕ್ಷನ್ ಕೊಟ್ಟರು. ಮೂರಕ್ಕೂ ಗಾಯದೊಳಗಿನ ಕ್ರಿಮಿ ಕ್ಯಾರೇ ಅನ್ನಲಿಲ್ಲ.

"ನಾಲ್ಕನೇದು ಶುರು ಮಾಡಿದೀವಿ," ಎಂದರು ಡಾಕ್ಟರು. "ಶುಕ್ರವಾರದೊಳಗೆ ಕಪ್ಪು ನಿಲ್ಲದಿದ್ರೆ ಕಾಲು ತೆಗೀಬೇಕಾಗುತ್ತೆ."

ಗುರುವಾರ ಮಾಲಿನ್ಯ ಮಂಡಳಿಯಿಂದ ನೀರು ಪರೀಕ್ಷೆಯ ಹುಡುಗಿ ಬಂದಳು. ಚಿನ್ನದ ಕಣ ಹಾಕಿದ ಕಾಗದದ ಪಟ್ಟಿಯನ್ನು ಕಾಲುವೆಯಲ್ಲಿ ಅದ್ದಿದಳು. ನೀರಿನಲ್ಲಿ ಔಷಧಿ ಇಲ್ಲದಿದ್ದರೆ ಕೆಂಪು ಗೆರೆ ಮೂಡಬೇಕು. ಮೂರು ಪಟ್ಟಿ ಅದ್ದಿದರೂ ಗೆರೆಯ ಸುಳಿವಿಲ್ಲ. ನೆಟ್ಟಗೆ ತೊಟ್ಟಿಗೆ ಬಂದು ಹಲಗೆ ಎತ್ತಿಸಿದಳು.

"ಇದನ್ನ ತೊಳೆಯೋರು ಯಾರು?"

"ನಾನೇ ಕಣಮ್ಮ. ಒಂದು ಚುಕ್ಕೆ ಕೊಳೆ ತೋರ್ಸಿ, ನೋಡೋಣ."

"ಯಾವುದರಲ್ಲಿ ಉಜ್ತೀರ ಅಣ್ಣ?"

ಬ್ರಷ್ಷು ತೋರಿಸಿದ. ಅವಳು ಗಾಜಿನ ಮೇಲೆ ಉಗುರಾಡಿಸಿದಳು. "ಆ ಹಳದಿ ಕೊಳೆ ಅಲ್ಲ ಅಣ್ಣ. ಕೆಲಸ ಮಾಡೋದೇ ಅದು. ಅದನ್ನೇ ಕೆರೆದು ಹಾಕಿದೀರ. ಎಷ್ಟು ತಿಂಗಳಾಯ್ತು?"

"ಏಳು."

"ಏಳು ತಿಂಗಳಿಂದ ಕ್ರಿಮಿ ಕೊಲ್ಲೋ ಔಷಧಿ ಹಾಗೇ ಕಾಲುವೆಗೆ ಹೋಗಿದೆ. ಕ್ರಿಮಿಗಳು ದಿನಾ ಇಷ್ಟಿಷ್ಟು ಕುಡಿದು ಪಳಗಿಬಿಟ್ಟಿರ್ತವೆ. ಆಮೇಲೆ ಯಾವ ಇಂಜೆಕ್ಷನ್ನಿಗೂ ಬಗ್ಗಲ್ಲ."

ಮೇಸ್ತ್ರಿ ಎಗರಿಬಿದ್ದ. "ಲೋ ದಡ್ಡ, ನೀರಲ್ಲಿ ಜಾಲಾಡ್ಸು ಅಂದ್ರೆ ತಂತಿ ಹಾಕಿ ತಿಕ್ಕಿದೀಯಲ್ಲೋ!"

"ಯಾವಾಗ ಅಂದ್ರಿ? ಕ್ಲೀನ್ ಅಂದ್ರಿ. ಮಾಡ್ದೆ."

ಮೇಸ್ತ್ರಿ ಆಚೆ ಹೋದ ಮೇಲೆ ಅವನು ಹುಡುಗಿಯ ಹತ್ತಿರ ಬಂದ. "ನನ್ನ ಹೆಂಡ್ತಿ ಅಲ್ಲೇ ಸೊಪ್ಪು ತೊಳೀತಿದ್ಲು. ಅವಳ ಕಾಲು..."

"ಅದರಿಂದಲೇ ಅಂತ ಹೇಳೋಕಾಗಲ್ಲ ಅಣ್ಣ." ಅವಳು ಮುಖ ತಿರುಗಿಸಿದಳು. "ಅಲ್ಲ ಅಂತಲೂ ಹೇಳೋಕಾಗಲ್ಲ."

ಶುಕ್ರವಾರ ಬೆಳಿಗ್ಗೆ ಕಪ್ಪು ಪಾದದ ಗಂಟು ದಾಟಿತ್ತು. ಹತ್ತು ಗಂಟೆಗೆ ಆಪರೇಷನ್ ಎಂದರು. ತಿಕ್ಕಣ್ಣ ಹಾಸಿಗೆಯ ಅಂಚಿಗೆ ಕೂತು, ಹೆಂಡತಿಯ ಮುಖ ನೋಡದೆ ಎಲ್ಲ ಹೇಳಿದ.

ಅವಳು ಅವನ ಮೊಣಕೈ ಹಿಡಿದು ತನ್ನತ್ತ ತಿರುಗಿಸಿಕೊಂಡಳು. "ಕುಡುಗೋಲು ತಾಗಿಸ್ಕೊಂಡಿದ್ದು ನಾನಲ್ವಾ?"

"ನಾನು ತಿಕ್ಕದೆ ಇದ್ದಿದ್ರೆ ಇಂಜೆಕ್ಷನ್ನು..."

"ರೀ, ಉಳಿದ ಆರು ಜನಕ್ಕೆ ಹೇಳಿದ್ರಾ?"

"ಇಲ್ಲ."

"ಮತ್ತೆ ಹೋಗೋ ಕಾಲು ಹಿಡ್ಕೊಂಡು ಇಲ್ಯಾಕೆ ಕೂತಿದೀರ? ಎದ್ದೇಳಿ!"

ಅವಳನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಅವನು ಕಾಲುವೆಯತ್ತ ಓಡುತ್ತಿದ್ದ. ದಂಡೆಯ ಮೇಲೆ ನಿಂತು ಏದುಸಿರು ಬಿಡುತ್ತ ಕೂಗಿದ: "ಮೇಲೆ ಬನ್ನಿ! ಅವಳ ಕಾಲು ತೆಗೀತಿದಾರೆ. ಈ ನೀರಿಗೆ ಇಳೀಬೇಡಿ. ನನ್ನದೇ ತಪ್ಪು, ಮೇಲೆ ಬನ್ನಿ!"

ನಾಲ್ವರು ಸೊಪ್ಪಿನ ಕಟ್ಟನ್ನು ಅಲ್ಲೇ ಬಿಟ್ಟು ಮೇಲೆ ಬಂದರು. ಉಳಿದಿಬ್ಬರು ಅವನನ್ನೊಮ್ಮೆ, ನೀರನ್ನೊಮ್ಮೆ ನೋಡಿದರು. ಮಾರುಕಟ್ಟೆಗೆ ಹೊತ್ತಾಗಿತ್ತು. ಮತ್ತೆ ಬಗ್ಗಿದರು.