ವೇದಿಕೆಯ ಮೇಲೆ ಐರ್ಲೆಂಡಿನ ಸಾಲ

ನಾವು ವಲಸೆ ಬಂದು ನೆಲೆಸಿದ ಹಿಲ್ಸ್‌ಬರೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಐರಿಷ್ ಹೆಂಗಸಿದ್ದರು. ವಯಸ್ಸಾದವರು, ಒಂಟಿ. ನಾನು ಕೆಲಸದಿಂದ ಬರುವವರೆಗೆ ನನ್ನ ಮಗಳನ್ನು ಶಾಲೆಯಿಂದ ಕರೆತಂದು, ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಟ್ಟು ಕೂರಿಸಿಕೊಳ್ಳುತ್ತಿದ್ದರು. ಮಗಳು ಆಂಟಿ ಅನ್ನುತ್ತಿದ್ದಳು, ನಾನೂ ಹಾಗೇ ಕರೆಯುತ್ತಿದ್ದೆ.

೨೦೦೯ರ ಫೆಬ್ರವರಿಯಲ್ಲಿ, ಈ ದಕ್ಷಿಣಾರ್ಧಗೋಳದ ಬೇಸಿಗೆಯಲ್ಲಿ, ಒಂದು ದಿನ ಬಟ್ಟೆ ಒಣಹಾಕುತ್ತಿದ್ದಾಗ ಆಂಟಿ ಬೇಲಿಗೆ ಒರಗಿ ತಮ್ಮನ ವಿಷಯ ಹೇಳಿದರು. ಅವನು ಐರ್ಲೆಂಡಿನಲ್ಲಿ ಮೇಷ್ಟ್ರು. ಅಲ್ಲಿಯೂ ಜರ್ಮನಿಯಲ್ಲೂ ಯೂರೋ ಎಂಬ ಒಂದೇ ನಾಣ್ಯ ಬಂದ ಮೇಲೆ ಜರ್ಮನಿಗೆ ಹೊಂದುವ ಕಡಿಮೆ ಬಡ್ಡಿಯೇ ಇವರಿಗೂ ಸಿಕ್ಕಿ, ಬ್ಯಾಂಕಿನವರು ಕರೆಕರೆದು ಸಾಲ ಕೊಟ್ಟರಂತೆ. ಊರಿಗೆ ಊರೇ ಮನೆ ಕಟ್ಟಿತಂತೆ. ಬ್ಯಾಂಕುಗಳು ಮುಳುಗಿದಾಗ ಸರ್ಕಾರ ಅವುಗಳ ಹೊರೆಯನ್ನು ತಾನು ಹೊತ್ತುಕೊಂಡು, ಮೇಷ್ಟ್ರುಗಳ ಸಂಬಳಕ್ಕೆ ಕತ್ತರಿ ಹಾಕಿತು. ತಮ್ಮನಿಗೆ ಕಂತು ಕಟ್ಟಲಾಗದೆ ಮನೆ ಕೈಬಿಟ್ಟು ಹೋಗುವ ಹಾಗಿತ್ತು. "ನಮ್ಮಮ್ಮನಿಗೂ ಹೇಳಿಲ್ಲ ಅವನು, ನನಗೊಬ್ಬಳಿಗೇ ಹೇಳಿರೋದು," ಎಂದರು. ಅಷ್ಟು ಹೇಳಿದ ಮೇಲಾದರೂ ಅದು ಗುಟ್ಟೆಂದು ನನಗೆ ತಿಳಿಯಬೇಡವೇ?

ಊಟಕ್ಕೆ ಕೂತಾಗ ನಮ್ಮ ಮನೆಯವರಿಗೆ ಹೇಳಿಬಿಟ್ಟೆ. ಗಂಡನಿಗೆ ಹೇಳಿದರೆ ಹೊರಗಿನವರಿಗೆ ಹೇಳಿದ ಹಾಗಾಗುತ್ತದೆಯೇ ಎಂಬುದು ನನ್ನ ವಾದ. ಆದರೆ ಈ ಗಂಡ ಕನ್ನಡ ಸಂಘದ ಕಾರ್ಯದರ್ಶಿ, ಮೈಕ್ ಸಿಕ್ಕರೆ ಬಿಡುವ ಆಸಾಮಿಯಲ್ಲ.

"ಅಯ್ಯೋ ಪಾಪ, ನಮ್ಮ ಮಗೂನ ಅಷ್ಟು ಚೆನ್ನಾಗಿ ನೋಡ್ಕೋತಾರೆ ಕಣೇ. ಏನಾದ್ರೂ ಮಾಡ್ಬೇಕು. ಯುಗಾದಿ ಫಂಕ್ಷನ್‌ಗೆ ಕರ್ಕೊಂಡು ಬಾ, ಒಂದು ಸನ್ಮಾನ ಮಾಡೋಣ," ಎಂದರು. ನನಗೆ ಹೆಮ್ಮೆಯೇ ಆಯಿತು. ಬುದ್ಧಿಗೇಡಿ ನಾನು!

ನಮ್ಮವರಿಗೆ ಯಾರ ಮೇಲಾದರೂ ಪ್ರೀತಿ ಉಕ್ಕಿದರೆ ಗೊತ್ತಿರುವ ದಾರಿ ಒಂದೇ. ವೇದಿಕೆಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೊ ತೆಗೆಯುವುದು. ಕುರ್ಚಿಯಲ್ಲಿ ಕೂತವರಿಗೆ ಅದು ಬೇಕೇ ಬೇಡವೇ ಎಂದು ಯಾರೂ ಕೇಳುವುದಿಲ್ಲ.

ಯುಗಾದಿಯ ದಿನ ನ್ಯೂ ಲಿನ್‌ನ ಹಾಲ್‌ಗೆ ಆಂಟಿ ಮುತ್ತಿನ ಸರ ಹಾಕಿಕೊಂಡು ಬಂದರು. ಮಕ್ಕಳ ಡಾನ್ಸಿಗೆ ಚಪ್ಪಾಳೆ ತಟ್ಟಿದರು. ಬಿಸಿಬೇಳೆಬಾತ್ ತಿಂದು ಮೂಗು ಒರೆಸಿಕೊಳ್ಳುತ್ತಾ ನಕ್ಕರು. ಸನ್ಮಾನಕ್ಕೆ ಕರೆದಾಗ, ಮಗಳನ್ನು ನೋಡಿಕೊಂಡದ್ದಕ್ಕೆ ಇರಬೇಕು ಎಂದುಕೊಂಡು ನಾಚುತ್ತಾ ಮೆಟ್ಟಿಲು ಹತ್ತಿದರು. ಶಾಲು ಹೊದಿಸಿದ್ದಾಯಿತು, ಹಾರ ಹಾಕಿದ್ದಾಯಿತು. ಅಲ್ಲಿಗೆ ನಿಲ್ಲಿಸಬಾರದಿತ್ತೇ ಈ ಪುಣ್ಯಾತ್ಮ? ಆಂಟಿಗೂ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೇ ಶುರುಮಾಡಿದರು: "ಇವರ ದೇಶ ಸಾಲದಲ್ಲಿ ಮುಳುಗಿದೆ. ಇವರ ತಮ್ಮ ಮೇಷ್ಟ್ರು, ಪಾಪ, ಮನೆ ಕಳ್ಕೊಳ್ಳೋ ಸ್ಥಿತೀಲಿದಾರೆ. ಒಂದು ಕಾಲದಲ್ಲಿ ಯೂರೋಪಿನೋರು ನಮಗೆ ಸಹಾಯ ಮಾಡ್ತಿದ್ರು. ಇವತ್ತು ಕನ್ನಡಿಗರು ಯೂರೋಪಿಗೆ ಸಹಾಯ ಮಾಡ್ತಿದೀವಿ!"

ಶಿಳ್ಳೆಯೋ ಶಿಳ್ಳೆ. ಯಾರೋ ಆರತಿ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಹೊರಟರು, ಜನ ನೋಟು ಹಾಕತೊಡಗಿದರು. ಆಂಟಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಮುಖದ ಮೇಲೆ ನಗು ಇತ್ತು, ಕಣ್ಣುಗಳು ಮಾತ್ರ ಜನರ ನಡುವೆ ನನ್ನನ್ನು ಹುಡುಕುತ್ತಿದ್ದವು. ನಾನು ತಲೆ ತಗ್ಗಿಸಿ ಮಗಳ ಜಡೆ ಸರಿಮಾಡುವ ನಾಟಕ ಮಾಡಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತಟ್ಟೆಯ ಹಣವನ್ನು ಆಂಟಿ ಅಲ್ಲೇ ಸಂಘದ ಮಕ್ಕಳ ಪುಸ್ತಕಕ್ಕೆಂದು ಕೊಟ್ಟುಬಿಟ್ಟರು. ಕಾರಿನಲ್ಲಿ ಒಂದೇ ಮಾತು ಕೇಳಿದರು.

"ನನ್ನ ತಮ್ಮನ ಹೆಸರು ಹೇಳಿದ್ಯಾ?"

"ಇಲ್ಲ ಆಂಟಿ."

"ಸದ್ಯ," ಎಂದು ಕಿಟಕಿಯ ಕಡೆ ತಿರುಗಿದರು. ನಾನು ಸಾರಿ ಎಂದೆ. "ನೀವಿಬ್ರೂ ಒಳ್ಳೇ ಮನಸ್ಸಿಂದಾನೇ ಮಾಡಿದ್ರಿ," ಎಂದರು. ಅದರ ಬದಲು ಚೆನ್ನಾಗಿ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಗಳನ್ನು ಕರೆತರುವುದನ್ನು ಅವರು ನಿಲ್ಲಿಸಲಿಲ್ಲ. ತಮ್ಮನ ಸುದ್ದಿ ಮಾತ್ರ ಮತ್ತೆ ಎತ್ತಲಿಲ್ಲ. ಅವನ ಮನೆ ಉಳಿಯಿತೇ ಎಂದು ಕೇಳಲು ನನಗೆ ಮುಖವಿರಲಿಲ್ಲ.

ಜೂನ್‌ನ ಚಳಿಗಾಲದ ಹೊತ್ತಿಗೆ, ಯೂರೋಪಿನ ಗಿರಾಕಿಗಳು ಕೈಕೊಟ್ಟರೆಂದು ನಮ್ಮ ಮನೆಯವರ ಕಂಪನಿ ಜನರನ್ನು ಮನೆಗೆ ಕಳಿಸಿತು. ಇವರ ಕೆಲಸವೂ ಹೋಯಿತು. "ಯಾರ ಹತ್ರಾನೂ ಬಾಯಿ ಬಿಡ್ಬೇಡ. ಸಂಘದೋರಿಗಂತೂ ಬೇಡವೇ ಬೇಡ," ಎಂದರು. ಹಗಲೆಲ್ಲ ಪರದೆ ಎಳೆದುಕೊಂಡು ಒಳಗೇ ಕೂರುತ್ತಿದ್ದರು. ನಾನು ಯಾರಿಗೂ ಹೇಳಲಿಲ್ಲ, ಆಂಟಿಗೂ ಹೇಳಲಿಲ್ಲ.

ನನಗೆ ರಜೆಯಿದ್ದ ಒಂದು ಮಧ್ಯಾಹ್ನ ಆಂಟಿ ಮಗಳನ್ನು ಬಿಡಲು ಬಂದಾಗ, ಸಂಘದ ಖಜಾಂಚಿಯ ಹೆಂಡತಿಯೂ ಬಾಗಿಲಲ್ಲಿದ್ದರು.

"ಏನ್ರೀ, ನಿಮ್ಮೆಜಮಾನ್ರ ಕಾರು ಯಾವಾಗ್ಲೂ ಇಲ್ಲೇ ನಿಂತಿರುತ್ತಲ್ಲ, ಕೆಲಸಕ್ಕೆ ಹೋಗ್ತಿಲ್ವಾ?"

ನಾನು ಮಗಳ ಶೂ ಬಿಚ್ಚಲು ಬಗ್ಗಿದೆ. ಅವರು ಆಂಟಿಯ ಕಡೆ ತಿರುಗಿ, ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹಾಕಿ, "ಪಕ್ಕದ ಮನೆಯವರು ನೀವು, ನಿಮಗೆ ಗೊತ್ತಿರಬೇಕಲ್ಲ?" ಎಂದು ನಕ್ಕರು.

"ಅವನಿಗೆ ಬೆನ್ನು ಹಿಡ್ಕೊಂಡಿದೆ, ಪಾಪ," ಎಂದರು ಆಂಟಿ. "ಸ್ವಲ್ಪ ದಿನ ರಜ ಹಾಕಿ ಮಲಗು ಅಂತ ನಾನೇ ಹೇಳಿದೀನಿ."

ಖಜಾಂಚಿಯ ಹೆಂಡತಿ ಹೌದಾ ಹೌದಾ ಎಂದು ತಲೆಯಾಡಿಸಿದರು. ಆಂಟಿ ಮಗಳ ಚೀಲವನ್ನು ನನ್ನ ಕೈಗೆ ಕೊಟ್ಟು, ನನ್ನ ಮುಖ ನೋಡದೆ ತಮ್ಮ ಮನೆಗೆ ಹೋದರು.